ಮಡಿಕೆಯ ಮರ್ಮ

ಓದುವಾಗ ಹಾಳೆಯು ದೊಡ್ಡದಾಗಿರಬೇಕು. ಒಯ್ಯುವಾಗ ಅದೇ ಹಾಳೆಯು ಚಿಕ್ಕದಾಗಿರಬೇಕು. ಬರಹವನ್ನು ಕಲಿತ ಕಾಲದಿಂದಲೂ ಮಾನವನನ್ನು ಕಾಡುತ್ತ ಬಂದಿರುವ ಇಬ್ಬಂದಿ ಇದು. ಕಲ್ಲಿನ ಮೇಲೆ ಕೊರೆದ ಶಾಸನವು ಸಾವಿರ ವರ್ಷ ಬಾಳುತ್ತದೆ. ಆದರೆ ಅದನ್ನು ಹೆಗಲಿಗೇರಿಸಿಕೊಂಡು ಊರಿಂದ ಊರಿಗೆ ಹೋಗುವಂತಿಲ್ಲ. ಅಂಗೈಯಲ್ಲಿ ಅಡಗುವ ಚೀಟಿಯನ್ನು ಎಲ್ಲಿಗಾದರೂ ಒಯ್ಯಬಹುದು. ಆದರೆ ಅದರಲ್ಲಿ ಒಂದು ವರ್ಷದ ಲೆಕ್ಕವನ್ನು ಹಿಡಿಸಲಾಗದು. ಈ ಇಬ್ಬಂದಿಗೆ ಮಾನವನು ಕಂಡುಕೊಂಡ ಪರಿಹಾರಗಳಲ್ಲಿ ಅತ್ಯಂತ ಸರಳವಾದುದು ಮಡಿಕೆ. ಸೀರೆಯನ್ನು ಮಡಿಸುತ್ತೇವೆ, ಕಂಬಳಿಯನ್ನು ಮಡಿಸುತ್ತೇವೆ, ಕೊಡೆಯನ್ನು ಮಡಿಸುತ್ತೇವೆ. ಇಂದು ಗಾಜಿನ ಪರದೆಯುಳ್ಳ ಫೋನನ್ನೂ ಮಡಿಸುವ ಕಾಲ ಬಂದಿದೆ.

ಮಡಿಸುವ ವಿದ್ಯೆಯನ್ನು ಮಾನವನಿಗಿಂತ ಮೊದಲು ಪ್ರಕೃತಿಯೇ ಅರಿತಿತ್ತು. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡಗಳಲ್ಲಿ ದಾರಿಯ ಬದಿಗೆಲ್ಲ ಹಬ್ಬಿಕೊಂಡಿರುವ ಮುಟ್ಟಿದರೆ ಮುನಿ ಗಿಡವನ್ನು ನೋಡಿದರೆ ಇದು ತಿಳಿಯುತ್ತದೆ. ಬೆರಳು ತಾಗಿದೊಡನೆ ಅದರ ಎಲೆಗಳು ಜೋಡಿ ಜೋಡಿಯಾಗಿ ಮುಚ್ಚಿಕೊಳ್ಳುತ್ತವೆ. ಎಲೆಯ ಬುಡದಲ್ಲಿ ಉಬ್ಬಿದ ಒಂದು ಪುಟ್ಟ ಗಂಟು ಇರುತ್ತದೆ. ಅದರೊಳಗಿನ ಜೀವಕೋಶಗಳು ಒಂದು ಬದಿಯಲ್ಲಿ ನೀರನ್ನು ಕಳೆದುಕೊಂಡು ಸಡಿಲವಾದಾಗ ಎಲೆಯು ಬಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ನೀರು ಮತ್ತೆ ತುಂಬಿದಾಗ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಎಲೆಯ ಮೈ ಎಲ್ಲಿಯೂ ಮುರಿಯುವುದಿಲ್ಲ. ಬಾಗುವ ಹೊಣೆಯನ್ನೆಲ್ಲ ಒಂದೇ ಒಂದು ಕೀಲು ಹೊತ್ತುಕೊಳ್ಳುತ್ತದೆ. ಮಡಿಸುವ ವಸ್ತುಗಳೆಲ್ಲದರ ಅಳಿವು ಉಳಿವು ಇಂತಹ ಕೀಲನ್ನೇ ನೆಚ್ಚಿರುತ್ತದೆ.

ಕನ್ನಡ ನಾಡಿನಲ್ಲಿ ಮಡಿಕೆಯ ಬರಹಕ್ಕೆ ಹಳೆಯ ಚರಿತ್ರೆಯಿದೆ. ಸರ್ಕಾರದ ಕಚೇರಿಗಳಲ್ಲಿ ಕಾಗದಗಳನ್ನು ಕಟ್ಟಿಡುವ ಕೋಶವನ್ನು ಇಂದಿಗೂ 'ಕಡತ' ಎಂದು ಕರೆಯುತ್ತಾರಷ್ಟೆ. ಈ ಹೆಸರು ಮೂಲದಲ್ಲಿ ಕಾಗದದ ಕಟ್ಟಿಗೆ ಸಲ್ಲುತ್ತಿರಲಿಲ್ಲ. ಕಡತವೆಂದರೆ ಬಟ್ಟೆಯ ಪುಸ್ತಕ. ಹತ್ತಿಯ ಬಟ್ಟೆಯ ಉದ್ದನೆಯ ಪಟ್ಟಿಯೊಂದಕ್ಕೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಕಲಸಿ ಎರಡು ಮಗ್ಗುಲಿಗೂ ಬಳಿದು ಒಣಗಿಸುತ್ತಿದ್ದರು. ಆಗ ಬಟ್ಟೆಯು ಗಟ್ಟಿಯಾದ ಕರಿಯ ಹಲಗೆಯಂತಾಗುತ್ತಿತ್ತು. ಅನಂತರ ಅದನ್ನು ಕತ್ತರಿಸದೆ, ಒಂದೇ ಅಳತೆಯ ಮಡಿಕೆಗಳಾಗಿ ಹಿಂದೆ ಮುಂದೆ ಮಡಿಸಿ, ಎರಡು ತುದಿಗಳಿಗೆ ಮರದ ಹಲಗೆಗಳನ್ನು ಹೊಂದಿಸುತ್ತಿದ್ದರು. ಬರೆಯುವುದಕ್ಕೆ ಬಿಳಿಯ ಬಳಪ. ಬೇಡವಾದ ಬರಹವನ್ನು ಒರಸಿ, ಅದೇ ಜಾಗದಲ್ಲಿ ಹೊಸದನ್ನು ಬರೆಯಬಹುದಾಗಿತ್ತು. ಮಲೆನಾಡಿನ ಶೃಂಗೇರಿಯ ಮಠದಲ್ಲಿ ಇಂತಹ ಕಡತಗಳು ಬಹುಸಂಖ್ಯೆಯಲ್ಲಿ ಉಳಿದುಬಂದಿವೆ. ಇತಿಹಾಸಕಾರರಿಗೆ ಅವು ಅಮೂಲ್ಯವಾದ ಆಕರಗಳು.

ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬ ಆಂಗ್ಲ ಅಧಿಕಾರಿಯು 1810ರಲ್ಲಿ ತಮ್ಮ ಚರಿತ್ರೆಯ ಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದರು. ಅದರಲ್ಲಿ ಕಡತದ ವರ್ಣನೆಯಿದೆ. ಅದರ ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ ಎಂದು ಅವರು ತಿಳಿಸುತ್ತಾರೆ. ಹದಿನೆಂಟು ಅಡಿಯ ಬರಹವು ಒಂದು ಪುಸ್ತಕದ ಗಾತ್ರಕ್ಕೆ ಇಳಿದು ಕಂಕುಳಲ್ಲಿ ಕುಳಿತುಕೊಳ್ಳುತ್ತಿತ್ತೆಂದರೆ ಅದು ಸಾಮಾನ್ಯ ಸಾಧನೆಯಲ್ಲ. ಮೈಸೂರು ಸೀಮೆಯ ವರ್ತಕರೂ ಅಂಗಡಿಕಾರರೂ ಆ ಕಾಲದಲ್ಲಿ ಕಡತಗಳಲ್ಲಿಯೇ ಲೆಕ್ಕ ಬರೆಯುತ್ತಿದ್ದರು. ಆದರೆ ಸರ್ಕಾರದ ಲೆಕ್ಕಪತ್ರಗಳಲ್ಲಿ ಅದನ್ನು ಬಳಸಬಾರದೆಂದು ಟಿಪ್ಪು ಸುಲ್ತಾನನು ನಿಷೇಧಿಸಿದ್ದನೆಂದೂ ವಿಲ್ಕ್ಸ್ ಹೇಳುತ್ತಾರೆ. ಒರಸಿ ತಿದ್ದಬಹುದಾದ ಬರಹವನ್ನು ರಾಜ್ಯದ ಬೊಕ್ಕಸವು ಹೇಗೆ ನಂಬೀತು? ಅಂಗಡಿಕಾರನಿಗೆ ಅನುಕೂಲವಾದ ಗುಣವೇ ಅರಸನಿಗೆ ಆತಂಕವಾಗಿ ತೋರಿರಬೇಕು. ವಸ್ತುವಿನ ದೃಷ್ಟಿಯಿಂದ ನೋಡಿದರಾದರೋ ಕಡತವು ಕಾಗದಕ್ಕಿಂತ ಹೆಚ್ಚು ಬಾಳುವಂಥದು ಎಂಬುದು ವಿಲ್ಕ್ಸರ ಅಭಿಪ್ರಾಯ. ಬಿಡದೆ ತಾಗುವ ತೇವವೊಂದೇ ಅದರ ಹಗೆ.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ವಸ್ತುವಿನ ಬಾಳಿಕೆಯೇ ಬೇರೆ, ಬರಹದ ಬಾಳಿಕೆಯೇ ಬೇರೆ ಎಂಬುದು ಮೊದಲನೆಯದು. ಒಂದು ಸಾಧನವು ಒಳ್ಳೆಯದೋ ಕೆಟ್ಟದೋ ಎಂಬುದನ್ನು, ಅದು ಯಾರ ಕೈಯಲ್ಲಿದೆ, ಯಾವ ಕೆಲಸಕ್ಕೆ ಬಂದಿದೆ ಎಂಬುದನ್ನು ಬಿಟ್ಟು ನಿರ್ಣಯಿಸಲಾಗದು ಎಂಬುದು ಎರಡನೆಯದು. ಈ ಎರಡು ಅಳತೆಗೋಲುಗಳನ್ನು ಹಿಡಿದುಕೊಂಡು ಇಂದಿನ ಮಡಿಚುವ ಫೋನನ್ನು ಪರಿಶೀಲಿಸಬಹುದು.

ಮಡಿಚುವ ಫೋನುಗಳೆಂಬುವು ಮೊದಲೂ ಇದ್ದವು. ಮೋಟರೋಲಾ ಸಂಸ್ಥೆಯು 1996ರಲ್ಲಿ ಹೊರತಂದ ಸ್ಟಾರ್‌ಟ್ಯಾಕ್ ಎಂಬ ಫೋನು ಕಪ್ಪೆಚಿಪ್ಪಿನಂತೆ ತೆರೆದು ಮುಚ್ಚುತ್ತಿತ್ತು. ಅದರಲ್ಲಿ ಮಡಿಯುತ್ತಿದ್ದುದು ಎರಡು ಗಟ್ಟಿ ಭಾಗಗಳ ನಡುವಣ ಕೀಲು ಮಾತ್ರ, ಪರದೆಯಲ್ಲ. ಪರದೆಯೇ ಬಾಗುವ ಫೋನನ್ನು 2018ರ ಕೊನೆಯಲ್ಲಿ ಚೀನದ ರೊಯೋಲ್ ಎಂಬ ಸಂಸ್ಥೆಯು ಪ್ರದರ್ಶಿಸಿತು. 2019ರ ಫೆಬ್ರುವರಿಯಲ್ಲಿ ದಕ್ಷಿಣ ಕೊರಿಯಾದ ಸ್ಯಾಮ್ಸಂಗ್ ಸಂಸ್ಥೆಯು ಗ್ಯಾಲಕ್ಸಿ ಫೋಲ್ಡ್ ಎಂಬ ಫೋನನ್ನು ಪ್ರಕಟಿಸಿತು. ಮುಚ್ಚಿದಾಗ ಅದರ ಹೊರಪರದೆ 4.6 ಅಂಗುಲ, ತೆರೆದಾಗ ಒಳಪರದೆ 7.3 ಅಂಗುಲ. ಆ ವರ್ಷ ಭಾರತದಲ್ಲಿ ಅದರ ಬೆಲೆ 1,64,999 ರೂಪಾಯಿಗಳಷ್ಟಿತ್ತು. 2024ರಲ್ಲಿ ಚೀನದ ಹುವಾವೇ ಸಂಸ್ಥೆಯು ಮೂರು ಮಡಿಕೆಯಾಗಿ ಬಿಚ್ಚಿಕೊಳ್ಳುವ ಫೋನನ್ನು ಮಾರುಕಟ್ಟೆಗೆ ತಂದಿತು. ಹಿಂದೆ ಮುಂದೆ ಮಡಿಸುವ ಈ ಕ್ರಮವು ನಮ್ಮ ಕಡತದ ಕ್ರಮವೇ ಅಲ್ಲವೆ?

ಗಟ್ಟಿಯಾದ ಪರದೆಯು ಬಾಗುವುದು ಹೇಗೆ? ಅಡಕೆಯ ತೋಟದಲ್ಲಿ ಬಿದ್ದ ಹಾಳೆಯೊಂದನ್ನು ಎತ್ತಿಕೊಂಡರೆ ಅರ್ಧ ಉತ್ತರ ದೊರೆಯುತ್ತದೆ. ಹಸಿಯಾದ ಹಾಳೆಯು ಬಾಗುತ್ತದೆ. ಒಣಗಿದ ಹಾಳೆಯು ಸೀಳುತ್ತದೆ. ಯಾವುದೇ ವಸ್ತುವನ್ನು ಬಾಗಿಸಿದಾಗ ಅದರ ಹೊರಮೈ ಹಿಗ್ಗಬೇಕಾಗುತ್ತದೆ, ಒಳಮೈ ಕುಗ್ಗಬೇಕಾಗುತ್ತದೆ. ಹಿಗ್ಗಲಾರದ ವಸ್ತುವು ಬಿರಿಯುತ್ತದೆ. ಆದರೆ ಹಿಗ್ಗಬೇಕಾದ ಪ್ರಮಾಣವು ವಸ್ತುವಿನ ದಪ್ಪವನ್ನು ಅವಲಂಬಿಸಿದೆ. ತೆಳುವಾದಷ್ಟೂ ಹಿಗ್ಗುವ ಅಗತ್ಯ ಕಡಿಮೆ. ಇದೇ ಉಳಿದರ್ಧ ಉತ್ತರ.

ಒಂದು ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಿಕೊಳ್ಳಬಹುದು. 0.6 ಮಿಲಿಮೀಟರ್ ದಪ್ಪದ ಗಾಜನ್ನು 1.5 ಮಿಲಿಮೀಟರ್ ತ್ರಿಜ್ಯದ ಕಡ್ಡಿಯೊಂದರ ಸುತ್ತ ಬಾಗಿಸಬೇಕೆಂದು ಭಾವಿಸೋಣ. ದಪ್ಪದ ಅರ್ಧವನ್ನು ತ್ರಿಜ್ಯದಿಂದ ಭಾಗಿಸಿದರೆ ಹೊರಮೈ ಹಿಗ್ಗಬೇಕಾದ ಪಾಲು ಸುಮಾರಾಗಿ ತಿಳಿಯುತ್ತದೆ. ಇಲ್ಲಿ ಅದು ಐದರಲ್ಲಿ ಒಂದು ಪಾಲು. ಗಾಜು ಅಷ್ಟು ಹಿಗ್ಗುವ ವಸ್ತುವಲ್ಲ, ಒಡೆದೇ ಹೋಗುತ್ತದೆ. ಅದೇ ಗಾಜನ್ನು 0.03 ಮಿಲಿಮೀಟರಿಗೆ, ಎಂದರೆ ತಲೆಗೂದಲಿಗಿಂತಲೂ ತೆಳ್ಳಗೆ ಮಾಡಿದರೆ ಹಿಗ್ಗಬೇಕಾದುದು ನೂರರಲ್ಲಿ ಒಂದು ಪಾಲು ಮಾತ್ರ. 2020ರಲ್ಲಿ ಬಂದ ಗ್ಯಾಲಕ್ಸಿ ಜೆಡ್ ಫ್ಲಿಪ್ ಎಂಬ ಫೋನಿನಲ್ಲಿ ಸುಮಾರು ಇಷ್ಟೇ ತೆಳುವಾದ ಗಾಜನ್ನು ಬಳಸಿ, ಅದರ ಮೇಲೆ ಪ್ಲಾಸ್ಟಿಕ್ಕಿನ ಪೊರೆಯೊಂದನ್ನು ಹಾಸಿದ್ದರು. ಗಾಜಿನ ಕೆಳಗೆ ಬೆಳಕು ಬೀರುವ ಪದರವಿರುತ್ತದೆ. ಇದನ್ನು ಗಾಜಿನ ಬದಲು ಬಾಗುವ ಪ್ಲಾಸ್ಟಿಕ್ಕಿನ ಮೇಲೆ ರಚಿಸಿರುತ್ತಾರೆ. ಪರದೆಯು ಚೂಪಾಗಿ ಮಡಿಯದಂತೆ, ಹನಿಯ ಆಕಾರದಲ್ಲಿ ಒಳಗೆ ಸುತ್ತಿಕೊಳ್ಳುವಂತೆ ಮಾಡುವ ಕೀಲುಗಳೂ ಬಂದಿವೆ. ಕಡತದ ಬಟ್ಟೆಯಲ್ಲಿ ಮಡಿಕೆಯ ಗೆರೆ ಉಳಿಯುವಂತೆ ಇಂತಹ ಪರದೆಯಲ್ಲಿಯೂ ನಡುವೆ ಒಂದು ಗೆರೆ ಕಾಣುತ್ತದೆ. ಅದನ್ನು ಕಿರಿದುಗೊಳಿಸಿದ್ದಾರೆಯೇ ಹೊರತು ಪೂರ್ಣವಾಗಿ ಅಳಿಸಿದ್ದಾರೆನ್ನುವಂತಿಲ್ಲ.

ಈ ವಿದ್ಯೆಯು ಮೊದಲ ಹೆಜ್ಜೆಯಲ್ಲಿಯೇ ಎಡವಿತೆಂಬುದೂ ನೆನಪಿನಲ್ಲಿಡಬೇಕಾದ ಸಂಗತಿ. 2019ರ ಏಪ್ರಿಲಿನಲ್ಲಿ ಗ್ಯಾಲಕ್ಸಿ ಫೋಲ್ಡನ್ನು ಪರೀಕ್ಷಿಸಲೆಂದು ಕೆಲವು ಪತ್ರಕರ್ತರಿಗೆ ಕೊಡಲಾಗಿತ್ತು. ಪರದೆಯ ಮೇಲಿನ ಪೊರೆಯನ್ನು ಸಾಗಣೆಯ ಹೊದಿಕೆಯೆಂದು ತಿಳಿದು ಕೆಲವರು ಕಿತ್ತರು, ಪರದೆ ಕೆಟ್ಟಿತು. ಇನ್ನೊಂದೆಡೆ ಕೀಲಿನ ಸಂದಿನಿಂದ ಕಸದ ಕಣವು ಒಳಹೊಕ್ಕು ಪರದೆಯನ್ನು ಕೆಳಗಿನಿಂದ ಉಬ್ಬಿಸಿತು. ಸಂಸ್ಥೆಯು ಮಾರಾಟವನ್ನು ಮುಂದೂಡಿತು. ಪೊರೆಯ ಅಂಚನ್ನು ಚೌಕಟ್ಟಿನ ಅಡಿಗೆ ಸೇರಿಸಿ, ಕೀಲಿನ ತುದಿಗಳಿಗೆ ಮುಚ್ಚಳವಿಟ್ಟು, ಪರದೆಯ ಕೆಳಗೆ ಲೋಹದ ಪದರವನ್ನು ಹೆಚ್ಚಿಸಿ, ಸೆಪ್ಟೆಂಬರಿನಲ್ಲಿ ಮತ್ತೆ ಹೊರತಂದಿತು. ಎರಡು ಲಕ್ಷ ಸಲ ಮಡಿಸಿದರೂ ತಾಳುವಂತೆ ಯಂತ್ರಗಳಿಂದ ಪರೀಕ್ಷಿಸಿದ್ದೇವೆಂದು ಸಂಸ್ಥೆಯು ಮೊದಲೇ ಸಾರಿತ್ತು. ದಿನಕ್ಕೆ ನೂರು ಸಲ ಮಡಿಸಿದರೆ ಇದು 2,000 ದಿನ, ಎಂದರೆ ಸುಮಾರು ಐದೂವರೆ ವರ್ಷದ ಬಾಳು. ಆದರೆ ಯಂತ್ರದ ಕೈಗೆ ಧೂಳು ಅಂಟಿರಲಿಲ್ಲ. ಯಂತ್ರಕ್ಕೆ ಪೊರೆಯನ್ನು ಕೀಳುವ ಕುತೂಹಲವೂ ಇರಲಿಲ್ಲ. ಪ್ರಯೋಗಶಾಲೆಯ ಬಾಳಿಕೆಗೂ ಬದುಕಿನ ಬಾಳಿಕೆಗೂ ಇರುವ ಅಂತರ ಇದೇ.

ಬದುಕಿನ ಬಾಳಿಕೆಯನ್ನು ಪರೀಕ್ಷಿಸುವುದಕ್ಕೆ ಸಕಲೇಶಪುರದ ಸೀಮೆಗಿಂತ ಕಠಿಣವಾದ ಸ್ಥಳವು ದೊರೆಯುವುದು ಕಷ್ಟ. ಹೇಮಾವತಿ ನದಿಯ ದಡದಲ್ಲಿರುವ ಈ ಊರಿನ ಪಶ್ಚಿಮಕ್ಕೆ ಘಟ್ಟದ ಅಂಚು. 1792ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯ ಮೇಲೆ ನಿಂತರೆ ಮಳೆಗಾಲದಲ್ಲಿ ಎದುರಿಗಿನ ಬೆಟ್ಟವೇ ಕಾಣದಷ್ಟು ಮಂಜು ಮುಸುಕಿರುತ್ತದೆ. ಜೂನಿನಲ್ಲಿ ಹಿಡಿದ ಮಳೆಯು ವಾರಗಟ್ಟಲೆ ಬಿಡುವುದಿಲ್ಲ. ಗೋಡೆಯು ಬೆವರುತ್ತದೆ, ಬಟ್ಟೆಯು ಒಣಗುವುದಿಲ್ಲ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಮಳೆ ಕಳೆದು ಕಾಫಿಯ ಕೊಯ್ಲು ಬಂದಾಗ ಕಣದಲ್ಲಿ ಹರಡಿದ ಬೀಜದಿಂದ ಸಿಪ್ಪೆಯ ನವುರಾದ ಧೂಳು ಏಳುತ್ತದೆ. ಮಣ್ಣಿನ ರಸ್ತೆಗಳು ಕೆಂಧೂಳನ್ನು ಕಾರುತ್ತವೆ. ಕಡತಕ್ಕೆ ಹಗೆಯಾಗಿದ್ದ ತೇವ, ಕೀಲಿಗೆ ಹಗೆಯಾದ ಧೂಳು, ಎರಡೂ ಇಲ್ಲಿ ಒಂದಾದ ಮೇಲೊಂದು ಸರದಿಯಂತೆ ಬರುತ್ತವೆ.

ಫೋನುಗಳ ತಡೆಯುವ ಶಕ್ತಿಯನ್ನು ಎರಡು ಅಂಕಿಗಳಿಂದ ಸೂಚಿಸುವ ಅಂತಾರಾಷ್ಟ್ರೀಯ ಪದ್ಧತಿಯೊಂದಿದೆ. ಮೊದಲ ಅಂಕಿಯು ಧೂಳಿಗೆ, ಎರಡನೆಯದು ನೀರಿಗೆ. ಮಡಿಚುವ ಫೋನುಗಳು ನೀರನ್ನು ಬೇಗನೆ ಗೆದ್ದವು. 2021ರಲ್ಲಿಯೇ ಸ್ಯಾಮ್ಸಂಗಿನ ಫೋನುಗಳು ನೀರಿಗೆ ಎಂಟನೆಯ ದರ್ಜೆಯನ್ನು ಪಡೆದವು. ಧೂಳನ್ನು ಗೆಲ್ಲುವುದು ಅಷ್ಟು ಸುಲಭವಾಗಲಿಲ್ಲ. 2024ರ ಗ್ಯಾಲಕ್ಸಿ ಜೆಡ್ ಫೋಲ್ಡ್ 6 ಧೂಳಿಗೆ ಪಡೆದುದು ನಾಲ್ಕನೆಯ ದರ್ಜೆ. ಒಂದು ಮಿಲಿಮೀಟರಿಗಿಂತ ದೊಡ್ಡದಾದ ಕಣಗಳನ್ನು ಮಾತ್ರ ಅದು ತಡೆಯಬಲ್ಲುದೆಂದು ಇದರ ಅರ್ಥ. ಕಾಫಿ ಕಣದ ಧೂಳು ಅದಕ್ಕಿಂತ ಎಷ್ಟೋ ಪಾಲು ನವುರು. 2025ರಲ್ಲಿ ಗೂಗಲ್ ಸಂಸ್ಥೆಯು ಧೂಳಿಗೆ ಆರನೆಯ, ಎಂದರೆ ಅತ್ಯುನ್ನತ ದರ್ಜೆಯ ಮಡಿಚುವ ಫೋನನ್ನು ಪ್ರಕಟಿಸಿತು. ಆರು ವರ್ಷಗಳ ಅವಧಿಯಲ್ಲಿ ಇದು ಮೆಚ್ಚತಕ್ಕ ಮುನ್ನಡೆಯೇ ಸರಿ. ಎಡವಿದವರು ತಮ್ಮ ತಪ್ಪನ್ನು ತಿದ್ದಿಕೊಂಡು ನಡೆದರು ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಇನ್ನು ಉಪಯುಕ್ತತೆಯ ಪ್ರಶ್ನೆ. ದೊಡ್ಡ ಪರದೆಯಿಂದ ಮಲೆನಾಡಿನವರಿಗೆ ಪ್ರಯೋಜನವಿಲ್ಲವೆಂದು ಹೇಳುವುದು ಸರಿಯಲ್ಲ. ಕಾಫಿ ಬೆಳೆಗಾರನು ಮಳೆಯನ್ನು ಅಂಗುಲ, ಸೆಂಟುಗಳಲ್ಲಿ ಅಳೆದು ಪ್ರತಿದಿನವೂ ಬರೆದಿಡುತ್ತಾನೆ. ಮಾರ್ಚಿನ ಹೂಮಳೆ ಯಾವ ದಿನ ಎಷ್ಟು ಬಿತ್ತೆಂಬುದರ ಮೇಲೆ ಮುಂದಿನ ಬೆಳೆ ನಿಂತಿರುತ್ತದೆ. ಹತ್ತು ವರ್ಷಗಳ ಮಳೆಯ ಲೆಕ್ಕ, ತೋಟದ ನಕ್ಷೆ, ಮೆಣಸಿನ ಬಳ್ಳಿಯ ಎಲೆಗೆ ತಗುಲಿದ ರೋಗದ ಚಿತ್ರ, ಇವುಗಳನ್ನೆಲ್ಲ ತೋಟದ ನಡುವೆ ನಿಂತು ಅಗಲವಾದ ಪರದೆಯಲ್ಲಿ ನೋಡಿ, ಮರುಕ್ಷಣವೇ ಮಡಿಸಿ ಜೇಬಿಗಿಳಿಸುವುದು ನಿಜವಾಗಿಯೂ ಅನುಕೂಲ. ಕಣ್ಣು ಮಂಜಾದ ಹಿರಿಯರಿಗೆ ದೊಡ್ಡ ಅಕ್ಷರಗಳೂ ಒಂದು ವರವೇ.

ಆದರೆ ಈ ಗುಡ್ಡಗಳಲ್ಲಿ ಫೋನು ಅನುಕೂಲದ ಸಾಧನ ಮಾತ್ರವಲ್ಲ. ಹಲವು ವೇಳೆ ಪ್ರಾಣವನ್ನು ಕಾಯುವ ಸಾಧನ. ಸಕಲೇಶಪುರ, ಆಲೂರು ಭಾಗದ ತೋಟಗಳಲ್ಲಿ ಕಾಡಾನೆಗಳ ಹಿಂಡು ಬಹುಕಾಲದಿಂದ ಅಲೆಯುತ್ತಿವೆ. ಆನೆಗೂ ಮನುಷ್ಯನಿಗೂ ನಡೆದ ಸಂಘರ್ಷದಲ್ಲಿ ಅನೇಕ ಕೂಲಿಕಾರರೂ ರೈತರೂ ಪ್ರಾಣ ಕಳೆದುಕೊಂಡಿದ್ದಾರೆ, ಆನೆಗಳೂ ಸತ್ತಿವೆ. ಮೈಸೂರು ದಸರೆಯಲ್ಲಿ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನೆಂಬ ಆನೆಯು 2023ರ ಡಿಸೆಂಬರ್ 4ರಂದು ಅಸುನೀಗಿದುದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯ ನಡುವೆ. ಅರಣ್ಯ ಇಲಾಖೆಯು ಆನೆಗಳ ಚಲನವಲನವನ್ನು ಕಂಡುಕೊಂಡು ಕಿರುಸಂದೇಶ, ಧ್ವನಿಕರೆ, ವಾಟ್ಸ್ಆ್ಯಪ್ ಗುಂಪುಗಳ ಮೂಲಕ ಜನರಿಗೆ ಮುನ್ಸೂಚನೆ ಕೊಡುವ ವ್ಯವಸ್ಥೆಯನ್ನು ಇಲ್ಲಿ ಮಾಡಿದೆ. ರಸ್ತೆಯ ಬದಿಗೆ ಎಚ್ಚರಿಕೆಯ ಫಲಕಗಳನ್ನೂ ನಿಲ್ಲಿಸಿದೆ.

ಮುಂಜಾನೆ ಮಂಜಿನಲ್ಲಿ ಹಣ್ಣು ಬಿಡಿಸಲು ತೋಟಕ್ಕೆ ಹೊರಟ ಹೆಣ್ಣುಮಗಳೊಬ್ಬಳನ್ನು ನೆನೆಯಿರಿ. ಮುಂದಿನ ತಿರುವಿನಲ್ಲಿ ಆನೆಯಿದೆಯೆಂಬ ಮಾತು ಆ ತಿರುವನ್ನು ತಲಪುವ ಮೊದಲೇ ಆಕೆಯನ್ನು ತಲಪಬೇಕು. ಆಕೆಗೆ ಬೇಕಾದುದು ಏಳು ಅಂಗುಲದ ಪರದೆಯಲ್ಲ. ಮಳೆಯಲ್ಲಿ ನೆನೆದರೂ ಕೆಡದ, ಕೆಸರಿನ ಕೈಯಿಂದ ಒತ್ತಿದರೂ ಓಗೊಡುವ, ಕರೆಂಟು ಇಲ್ಲದ ಎರಡು ದಿನವೂ ಬ್ಯಾಟರಿ ಬತ್ತದ, ಕೈಜಾರಿ ಕಲ್ಲಿನ ಮೇಲೆ ಬಿದ್ದರೂ ಒಡೆಯದ ಗುಂಡಿಯ ಫೋನು ಆಕೆಯ ಪಾಲಿಗೆ ಹೆಚ್ಚಿನದು. ಓದುಬಾರದವಳಾದರೆ ಧ್ವನಿಕರೆಯೇ ಆಕೆಗೆ ಸಂದೇಶ. ಬೆಟ್ಟದ ಮರೆಯಲ್ಲಿ ಸಿಗ್ನಲ್ ತಪ್ಪಿದರೆ ಲಕ್ಷ ರೂಪಾಯಿಯ ಫೋನೂ ಸಾವಿರ ರೂಪಾಯಿಯ ಫೋನೂ ಒಂದೇ ಬಗೆಯಲ್ಲಿ ಮೂಕವಾಗುತ್ತವೆ. ಆಗ ರಸ್ತೆಯ ಬದಿಯ ಫಲಕವೂ ಎದುರು ಬಂದ ನೆರೆಯವನ ಕೂಗೂ ಗತಿ.

ಮಲೆನಾಡಿನ ಹಿರಿಯರಿಗೆ ಈ ವಿವೇಕವು ಹೊಸದಲ್ಲ. ಮಳೆಯನ್ನು ತಡೆಯಲು ಅವರು ಕೊಡೆಯನ್ನೂ ಬಲ್ಲರು, ಗೊರಬನ್ನೂ ಬಲ್ಲರು. ಕೊಡೆಯು ಮಡಿಯುತ್ತದೆ, ಪೇಟೆಗೆ ಹೋಗುವವನಿಗೆ ಅದು ಲೇಸು. ಗೊರಬು ಮಡಿಯುವುದಿಲ್ಲ, ಮೂಲೆಯಲ್ಲಿಟ್ಟರೆ ಜಾಗವನ್ನೆಲ್ಲ ತುಂಬುತ್ತದೆ. ಆದರೂ ಸಸಿ ನೆಡಲು ಗದ್ದೆಯಲ್ಲಿ ಬಗ್ಗಿದ ಹೆಂಗಸಿನ ತಲೆಯಿಂದ ಸೊಂಟದವರೆಗೆ ಅದು ಸೂರಾಗಿ ನಿಲ್ಲುತ್ತದೆ, ಆಕೆಯ ಎರಡು ಕೈಗಳನ್ನೂ ಕೆಲಸಕ್ಕೆ ಬಿಟ್ಟುಕೊಡುತ್ತದೆ. ಕೊಡೆ ಮೇಲೋ ಗೊರಬು ಮೇಲೋ ಎಂದು ಕೇಳಿದರೆ, ಎಲ್ಲಿಗೆ ಹೊರಟಿರುವೆ ಎಂಬ ಮರುಪ್ರಶ್ನೆಯೇ ತಕ್ಕ ಉತ್ತರ.

ದುರಸ್ತಿಯ ವಿಚಾರವೂ ಇಲ್ಲಿ ಮುಖ್ಯವಾಗುತ್ತದೆ. ಕಡತಕ್ಕೆ ಬೇಕಾದ ಬಟ್ಟೆ, ಹುಣಿಸೆ ಬೀಜ, ಇದ್ದಿಲು, ಬಳಪಗಳಲ್ಲಿ ಯಾವುದೂ ಪರದೇಶದಿಂದ ಬರಬೇಕಾದುದಲ್ಲ. ಅದನ್ನು ಮಾಡಲು ಬಲ್ಲ ಕೈಗಳೂ ನಾಡಿನಲ್ಲಿಯೇ ಇದ್ದವು. ಮಡಿಚುವ ಫೋನಿನ ಒಳಪರದೆ ಕೆಟ್ಟರೆ ಊರಿನ ಅಂಗಡಿಯಲ್ಲಿ ಅದನ್ನು ಸರಿಪಡಿಸಲಾಗದು. ಪರದೆ, ಕೀಲು, ಎರಡು ಭಾಗಗಳನ್ನು ಬೆಸೆಯುವ ತೆಳುವಾದ ತಂತಿಯ ಪಟ್ಟಿ, ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಗರದ ಸೇವಾಕೇಂದ್ರಕ್ಕೆ ಹೋಗಬೇಕು, ದಿನಗಳನ್ನು ಕಾಯಬೇಕು, ದೊಡ್ಡ ಮೊತ್ತವನ್ನು ತೆರಬೇಕು. ಕೊಳ್ಳುವಾಗ ಕೊಡುವ ಬೆಲೆಯು ಒಂದು. ಉಳಿಸಿಕೊಳ್ಳಲು ಕೊಡುವ ಬೆಲೆಯು ಮತ್ತೊಂದು. ಎರಡನ್ನೂ ಕೂಡಿಸಿ ನೋಡದವನು ವಸ್ತುವಿನ ನಿಜವಾದ ಬೆಲೆಯನ್ನು ಅರಿಯಲಾರನು.

ಹಾಗೆಂದು ಹೊಸ ವಿದ್ಯೆಯನ್ನು ಹಳಿಯುವುದು ವಿವೇಕವಲ್ಲ. ಗಾಜನ್ನು ಕೂದಲಿಗಿಂತ ತೆಳುವಾಗಿಸಿ ಬಾಗಿಸಿದ ಬುದ್ಧಿಯು ಗೌರವಕ್ಕೆ ಅರ್ಹವಾದುದು. ಇಂದು ಕೆಲವರ ಕೈಯಲ್ಲಿರುವ ವಸ್ತುವು ನಾಳೆ ಅಗ್ಗವಾಗಿ ಹಲವರ ಕೈಗೆ ಬಂದೀತು. ಆದರೆ ಆ ಬುದ್ಧಿಯು ಇನ್ನೂ ಒಂದು ಹೆಜ್ಜೆ ಮುಂದಿಡಬೇಕಾಗಿದೆ. ದೊಡ್ಡ ಪರದೆಯನ್ನು ಚಿಕ್ಕ ಜೇಬಿನಲ್ಲಿ ಅಡಗಿಸಿದ ಜಾಣ್ಮೆಯು, ಮಳೆಯಲ್ಲಿ ನೆನೆಯುತ್ತ ನಡೆಯುವ ಬಡವಿಯ ಸೆರಗಿನ ಗಂಟಿನಲ್ಲಿರುವ ಪುಟ್ಟ ಫೋನಿಗೆ ಹೊತ್ತಿಗೆ ಸರಿಯಾಗಿ ಮಾತು ತಲಪಿಸುವ ಕೆಲಸಕ್ಕೂ ಅಷ್ಟೇ ಶ್ರದ್ಧೆಯಿಂದ ತೊಡಗಬೇಕು. ಸಾಧನವು ಎಷ್ಟು ಸಲ ಮಡಿಯಬಲ್ಲುದು ಎಂಬುದನ್ನು ಯಂತ್ರವು ಎಣಿಸಿ ಹೇಳುತ್ತದೆ. ಬೇಕಾದ ಹೊತ್ತಿನಲ್ಲಿ, ಬೇಕಾದವರ ಕೈಯಲ್ಲಿ ಅದು ತೆರೆದುಕೊಂಡಿತೆ ಎಂಬುದನ್ನು ಮನುಷ್ಯರೇ ಕೇಳಿಕೊಳ್ಳಬೇಕು.